ನಿನ್ನೆಯ ಕೆಲಸ ಇಂದೂ ನಡೆಯಲಿ

ಆಪರೇಟಿಂಗ್ ಸಿಸ್ಟಂ ಬೇಕೆಂದು ಯಾರೂ ಕಂಪ್ಯೂಟರ್ ಕೊಳ್ಳುವುದಿಲ್ಲ. ಅಂಗಡಿಯವರು ಟ್ಯಾಲಿಯಲ್ಲಿ ಲೆಕ್ಕ ಇಡಲು ಕೊಳ್ಳುತ್ತಾರೆ, ವಿದ್ಯಾರ್ಥಿಗಳು ಪ್ರಾಜೆಕ್ಟ್ ರಿಪೋರ್ಟ್ ಮಾಡಲು, ಮುದ್ರಣದವರು ಪುಟ ಕಟ್ಟಲು. ಆದರೆ ಆ ಯಂತ್ರದಲ್ಲಿ ಏನು ನಡೆಯುತ್ತದೆ, ಏನು ನಡೆಯದು, ಎಷ್ಟು ವರ್ಷ ನಡೆಯುತ್ತದೆ ಎಂಬುದೆಲ್ಲ ಕೊನೆಗೆ ತೀರ್ಮಾನವಾಗುವುದು ಆಪರೇಟಿಂಗ್ ಸಿಸ್ಟಂನಿಂದಲೇ. ಬಳಕೆದಾರರಿಗೆ ಅದರಿಂದ ಏನು ಬೇಕು ಎಂದು ಕೇಳಿದರೆ ತಯಾರಕರು ವೇಗ, ಅಂದ, ಹೊಸ ಹೊಸ ಸೌಲಭ್ಯ ಎನ್ನುತ್ತಾರೆ. ನನಗೆ ಕಾಣುವ ಉತ್ತರ ಬೇರೆ. ನಿನ್ನೆ ಮಾಡಿಟ್ಟ ಕಡತ ಇಂದು ತೆರೆಯಬೇಕು, ನಿನ್ನೆ ಪಳಗಿದ ಕೈ ಇಂದೂ ತಡವರಿಸದೆ ಓಡಬೇಕು. ಉಳಿದದ್ದೆಲ್ಲ ಆಮೇಲೆ.

ಯಾವುದಾದರೂ ತಾಲೂಕು ಕೇಂದ್ರದ ಡಿಟಿಪಿ ಅಂಗಡಿಯನ್ನು ನೋಡಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಎಲ್ಲವೂ ಅಲ್ಲಿ ಪೇಜ್‌ಮೇಕರಿನಲ್ಲಿ ತಯಾರಾಗುತ್ತ ಬಂದಿವೆ. ಆ ತಂತ್ರಾಂಶದ ಕೊನೆಯ ಪ್ರಮುಖ ಆವೃತ್ತಿ ಬಂದದ್ದು 2001ರಲ್ಲಿ. ಎಲ್ಲ ಯಂತ್ರಗಳಿಗೂ ಒಂದೇ ಅಕ್ಷರಸಂಕೇತವಾದ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಕನ್ನಡ ಮೂಡುವುದು ನುಡಿಯಂಥ ಹಳೆಯ ಫಾಂಟುಗಳಿಂದ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತ ತೆರೆದರೆ ಪರದೆಯ ತುಂಬ ತಲೆಬುಡವಿಲ್ಲದ ಲ್ಯಾಟಿನ್ ಅಕ್ಷರಗಳು. ಹೋದ ವರ್ಷದ ಆಮಂತ್ರಣದಲ್ಲಿ ತಾರೀಕು, ಹೆಸರು ಬದಲಿಸಿ ಹತ್ತು ನಿಮಿಷದಲ್ಲಿ ಗಿರಾಕಿಯ ಕೈಗೆ ಪ್ರೂಫ್ ಕೊಡುವುದು ಆ ಅಂಗಡಿಯ ಜೀವಾಳ. ಒತ್ತಕ್ಷರ ಎಲ್ಲಿ ಜಾರುತ್ತದೆ, ಯಾವ ಫಾಂಟಿನಲ್ಲಿ ಅರ‍್ಕಾವೊತ್ತು ಸರಿ ಕೂರುತ್ತದೆ ಎಂಬುದು ಆಪರೇಟರಿನ ಬೆರಳಿಗೇ ಗೊತ್ತಿರುತ್ತದೆ. ಅಲ್ಲಿ ವಿಂಡೋಸ್ 7 ಹಾಕಿದ ಹಳೆಯ ಯಂತ್ರವನ್ನು ಜೋಪಾನ ಮಾಡಿಟ್ಟುಕೊಂಡವರನ್ನು ಕಂಡು 'ಇವರು ಬದಲಾಗುವುದಿಲ್ಲ' ಎನ್ನುವುದು ಅನ್ಯಾಯ. ಹೊಸ ವ್ಯವಸ್ಥೆಗೆ ಹೋದರೆ ಏನೇನು ಕಳೆದುಕೊಳ್ಳಬೇಕಾಗುತ್ತದೆ ಎಂಬ ಲೆಕ್ಕ ಅವರ ಬಳಿ ಪಕ್ಕಾ ಇದೆ.

ಇಷ್ಟು ಸರಳವಾದ ಬೇಡಿಕೆಯನ್ನು ದೊಡ್ಡ ಕಂಪನಿಗಳೂ ಮತ್ತೆ ಮತ್ತೆ ಮರೆತಿವೆ. 1995ರಿಂದ ವಿಂಡೋಸ್ ಬಳಸಿದವರೆಲ್ಲ ಕಲಿತ ಮೊದಲ ಪಾಠ ಎಡಗಡೆ ಕೆಳಮೂಲೆಯ ಸ್ಟಾರ್ಟ್ ಬಟನ್. 2012ರಲ್ಲಿ ಬಂದ ವಿಂಡೋಸ್ 8 ಅದನ್ನೇ ತೆಗೆದುಹಾಕಿತು. ಟಚ್‌ಸ್ಕ್ರೀನ್ ಟ್ಯಾಬ್ಲೆಟ್ಟುಗಳ ಮಾರುಕಟ್ಟೆ ಹಿಡಿಯುವ ಆತುರದಲ್ಲಿ, ಮೌಸ್ ಹಿಡಿದು ಕೂತವರ ಮುಂದೆಯೂ ಪರದೆಯಿಡೀ ಬಣ್ಣದ ಚೌಕಗಳನ್ನು ಹರಡಿತು. ಕಂಪ್ಯೂಟರನ್ನು ಆಫ್ ಮಾಡಬೇಕೆಂದರೆ ಬಲ ಅಂಚಿನ ಮೂಲೆಗೆ ಮೌಸ್ ಒಯ್ದು, ಅಲ್ಲಿ ಅಡಗಿದ್ದ ಪಟ್ಟಿಯನ್ನು ಹೊರಗೆಳೆದು, ಸೆಟ್ಟಿಂಗ್ಸ್ ಒತ್ತಿ, ಅದರೊಳಗೆ ಪವರ್ ಹುಡುಕಬೇಕಾಗಿತ್ತು. ವರ್ಷಗಟ್ಟಲೆ ಆಫೀಸಿನಲ್ಲಿ ಕಂಪ್ಯೂಟರ್ ಬಳಸಿದವರು ಅದನ್ನು ಆಫ್ ಮಾಡುವುದು ಹೇಗೆಂದು ಪಕ್ಕದವರನ್ನು ಕೇಳಬೇಕಾಯಿತು. 2013ರ ಅಕ್ಟೋಬರಿನಲ್ಲಿ ಬಟನ್ ಮರಳಿತು. ಅದನ್ನು ಒತ್ತಿದರೆ ತೆರೆಯುತ್ತಿದ್ದ ಮೆನು ಮರಳಲು 2015ರ ವಿಂಡೋಸ್ 10 ಬರಬೇಕಾಯಿತು. ವಿಂಡೋಸ್ 8 ಒಳಗೆ ಕೆಟ್ಟದಾಗಿರಲಿಲ್ಲ. ಹಿಂದಿನದಕ್ಕಿಂತ ಬೇಗ ಚಾಲೂ ಆಗುತ್ತಿತ್ತು ಕೂಡ. ಕೈಯ ರೂಢಿಯನ್ನು ಕಿತ್ತುಕೊಂಡ ಮೇಲೆ ಆ ವೇಗವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅದಕ್ಕೂ ಮೊದಲು, 2007ರ ವಿಂಡೋಸ್ ವಿಸ್ಟಾದಲ್ಲಿ ಇನ್ನೊಂದು ಬಗೆಯ ತೊಂದರೆ ಆಗಿತ್ತು. ಡ್ರೈವರುಗಳ ಒಳರಚನೆ ಬದಲಾಗಿ, ಅನೇಕರ ಮನೆಯ ಪ್ರಿಂಟರು, ಸ್ಕ್ಯಾನರುಗಳು ಕೆಟ್ಟುಹೋಗದೆಯೇ ಕೆಲಸಕ್ಕೆ ಬಾರದಾದವು. ಜನ ಹಿಂದಿನ ವಿಂಡೋಸ್ ಎಕ್ಸ್‌ಪಿಗೆ ಅಂಟಿಕೊಂಡರು. 2001ರಲ್ಲಿ ಬಂದ ಎಕ್ಸ್‌ಪಿಗೆ 2014ರ ಏಪ್ರಿಲ್ ತನಕ ಬೆಂಬಲ ಸಿಕ್ಕಿತು.

ಹಾಗಾದರೆ ಬಳಕೆದಾರರಿಗೆ ಹೊಸದೇನೂ ಬೇಡವೇ? ಹಾಗೆ ಹೇಳುವವರು ಕನ್ನಡದ ಅನುಭವವನ್ನೊಮ್ಮೆ ನೋಡಬೇಕು. ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡವನ್ನು ತಂದಾಗ, ಅಂತರಜಾಲದಲ್ಲಿ ಬರೆಯುವ ಕನ್ನಡಿಗರು ಅದನ್ನು ಕೈನೀಡಿ ತೆಗೆದುಕೊಂಡರು. ಬರೆದದ್ದು ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಕಾಣಿಸುವುದು, ಹುಡುಕಿದರೆ ಸಿಗುವುದು ಅವರಿಗೆ ಹೊಸ ಲೋಕವೇ ತೆರೆದಂತಾಗಿತ್ತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಹಳೆಯ ಫಾಂಟುಗಳ ಕಾಲದಿಂದ ಯೂನಿಕೋಡ್ ಕಾಲಕ್ಕೂ ಮುಂದುವರಿದದ್ದು ಇಲ್ಲಿ ಬಹಳ ಮುಖ್ಯ. ಒಳಗಿನ ಸಂಕೇತವೆಲ್ಲ ಬದಲಾಯಿತು, ಬೆರಳು ಮಾತ್ರ ಹಳೆಯ ಹಾದಿಯಲ್ಲೇ ಓಡಿತು. ಬದಲಾವಣೆ ಮಾಡುವುದಾದರೆ ಹೀಗೆ ಮಾಡಬೇಕು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ನೆಲೆಯೂರಿದ್ದೂ ಇಂಥ ಎಚ್ಚರದಿಂದಲೇ. ಪಠ್ಯಪುಸ್ತಕ, ಶಿಕ್ಷಕರ ತರಬೇತಿ, ಮಲಯಾಳ ಅಕ್ಷರ ಎಲ್ಲವನ್ನೂ ಜೊತೆಗೂಡಿಸಿ ಕೊಟ್ಟದ್ದರಿಂದ ಮಕ್ಕಳು, ಮೇಷ್ಟರು ಅದನ್ನು ತಮ್ಮದಾಗಿಸಿಕೊಂಡರು. ಲಿನಕ್ಸ್ ಸಾಮಾನ್ಯರಿಗೆ ಕಷ್ಟ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ನನ್ನ ವಾದಕ್ಕೆ ಬಲವಾದ ಆಕ್ಷೇಪ ಬರುವುದು ಸುರಕ್ಷತೆಯ ಕಡೆಯಿಂದ, ಅದನ್ನು ತಳ್ಳಿಹಾಕುವಂತಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳ ಚಿಕಿತ್ಸೆಯನ್ನೇ ಮುಂದೂಡಬೇಕಾಯಿತು. ಅದು ನುಸುಳಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹಾಗಿದ್ದರೂ ಅಪ್‌ಡೇಟ್ ಎಂದರೆ ಜನ ಏಕೆ ಮುಂದೂಡುತ್ತಾರೆ? ತೇಪೆಯ ಜೊತೆಗೆ ಇನ್ನೇನು ಬರುತ್ತದೋ ಎಂಬ ಭಯದಿಂದ. ವಿಂಡೋಸ್ 10ರಲ್ಲಿ ಭದ್ರತೆಯ ದುರಸ್ತಿಯೂ ಹೊಸ ಸೌಲಭ್ಯಗಳೂ ಒಂದೇ ಬಾಗಿಲಿನಿಂದ ಬಂದವು. ಹೋಮ್ ಆವೃತ್ತಿಯವರಿಗೆ ಮೊದಲ ಕೆಲವು ವರ್ಷ ಬೇಡ ಎನ್ನುವ ಅವಕಾಶ ಇರಲಿಲ್ಲವೆಂದೇ ಹೇಳಬೇಕು. ಮರುದಿನ ಮೆನು ಬೇರೆ, ಪ್ರಿಂಟರ್ ಮೌನ. ಒಮ್ಮೆ ಹೀಗಾದವರು ಮುಂದಿನ ಸಲ 'ಆಮೇಲೆ' ಎಂಬ ಗುಂಡಿ ಒತ್ತುವುದು ಸಹಜ. ತೇಪೆಯನ್ನು ತೇಪೆಯಾಗಿಯೇ ಕೊಟ್ಟು, ರೂಪ ಬದಲಿಸುವ ಮಾತನ್ನು ಬಳಕೆದಾರರ ಒಪ್ಪಿಗೆಗೆ ಬಿಟ್ಟರೆ ಸುರಕ್ಷತೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ಈಗಿನ ಪರಿಸ್ಥಿತಿ ಇನ್ನೂ ಕಠಿಣ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು, ಪ್ರೊಸೆಸರ್ ಕೂಡ ಕಂಪನಿಯ ಪಟ್ಟಿಯಲ್ಲಿರಬೇಕು. ಏಳನೇ ತಲೆಮಾರಿನ ಇಂಟೆಲ್ ಚಿಪ್ಪುಳ್ಳ ಬಹುತೇಕ ಯಂತ್ರಗಳು ಆ ಪಟ್ಟಿಯಿಂದ ಹೊರಗೆ. ಇವು ಪತ್ರ ಬರೆಯಲು, ಲೆಕ್ಕ ಇಡಲು, ಮಕ್ಕಳ ಪಾಠ ನೋಡಲು ಇನ್ನೂ ಧಾರಾಳವಾಗಿ ಸಾಲುವ ಯಂತ್ರಗಳು. ಕಂತು ಕಟ್ಟಿ ಕೊಂಡ ಲ್ಯಾಪ್‌ಟಾಪನ್ನು ಅಣ್ಣನ ನಂತರ ತಂಗಿ ಬಳಸುವ ಮನೆಗಳಿಗೆ ಇದು ಸಣ್ಣ ಪೆಟ್ಟಲ್ಲ. ಲಿನಕ್ಸ್ ಹಾಕಿದರೆ ಆ ಯಂತ್ರಗಳು ಇನ್ನೂ ಕೆಲವು ವರ್ಷ ಬಾಳುತ್ತವೆ, ನಿಜ. ಆದರೆ ಟ್ಯಾಲಿ ವಿಂಡೋಸಿಗೆಂದು ಮಾಡಿದ ತಂತ್ರಾಂಶ. ಅದನ್ನೇ ನಂಬಿ ಕೂತವರಿಗೆ ಆ ದಾರಿ ಸುಲಭವಿಲ್ಲ.

ಅಂಗಡಿಯಲ್ಲಿ ಲ್ಯಾಪ್‌ಟಾಪ್ ಕೊಳ್ಳುವಾಗ ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು, ಪರದೆ ಎಷ್ಟಿಂಚು ಎಂಬುದೆಲ್ಲ ಪೆಟ್ಟಿಗೆಯ ಮೇಲೆ ಇರುತ್ತದೆ. ಆಪರೇಟಿಂಗ್ ಸಿಸ್ಟಂಗೆ ಯಾವ ತಾರೀಕಿನ ತನಕ ಭದ್ರತಾ ತೇಪೆ ಸಿಗುತ್ತದೆ ಎಂಬುದನ್ನು, ಮಾತ್ರೆಯ ಪಟ್ಟಿಯ ಮೇಲೆ ಅವಧಿ ಮುದ್ರಿಸುವ ಹಾಗೆ, ಅದೇ ಪೆಟ್ಟಿಗೆಯ ಮೇಲೆ ಮುದ್ರಿಸಬೇಕೆಂದು ಕೇಳುವ ಹಕ್ಕು ನಮಗಿದೆ. ಐರೋಪ್ಯ ಒಕ್ಕೂಟ ಸ್ಮಾರ್ಟ್‌ಫೋನುಗಳ ಮಟ್ಟಿಗೆ 2025ರ ಜೂನ್‌ನಿಂದ, ಆ ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಸಿಗಬೇಕೆಂಬ ನಿಯಮ ಜಾರಿಗೆ ತಂದಿದೆ. ನಮ್ಮಲ್ಲಿ ಗ್ರಾಹಕ ಸಂಘಟನೆಗಳು ಫೋನಿನ ಜೊತೆಗೆ ಕಂಪ್ಯೂಟರಿಗೂ ಅಂಥದ್ದೇ ನಿಯಮ ಬೇಕೆಂದು ಕೇಳಬೇಕು. ಶಾಲೆ, ಪಂಚಾಯಿತಿಗಳಿಗೆ ಸಾವಿರಾರು ಯಂತ್ರ ಕೊಳ್ಳುವ ಸರ್ಕಾರವಂತೂ ಕಾನೂನಿಗೆ ಕಾಯದೆ ಮುಂದಿನ ಟೆಂಡರಿನಲ್ಲೇ ಈ ಷರತ್ತು ಸೇರಿಸಬಹುದು.