ಹೈಫಾ ಮೇಲೆ ಕ್ಷಿಪಣಿ, ಪಕ್ಕದಲ್ಲೇ ಬೈಬಲ್‌ನ ‘ಯುದ್ಧ ಕಣಿವೆ’: ಮೈಸೂರು ಕುದುರೆ ಸವಾರರಿಗೂ ಇದಕ್ಕೂ ಏನು ನಂಟು?

ಹೈದರಾಬಾದ್: 2025ರ ಜೂನ್‌ನಲ್ಲಿ ಇರಾನ್ ಹಾರಿಸಿದ ಕ್ಷಿಪಣಿ ಇಸ್ರೇಲ್‌ನ ಹೈಫಾ ತೈಲ ಸಂಸ್ಕರಣಾಗಾರಕ್ಕೆ ಅಪ್ಪಳಿಸಿ ಮೂವರು ಮೃತಪಟ್ಟಿದ್ದರು. ಇಂಥ ಸುದ್ದಿ ಬಂದಾಗಲೆಲ್ಲ ಸೋಷಿಯಲ್ ಮೀಡಿಯಾದಲ್ಲಿ ಒಂದು ಪದ ಓಡಾಡುತ್ತದೆ: ಆರ್ಮಗೆಡಾನ್, ಅಂದರೆ ಲೋಕಾಂತ್ಯದ ಯುದ್ಧ. ಬೈಬಲ್‌ನ ಪ್ರಕಟನೆ ಪುಸ್ತಕದಲ್ಲಿ ಒಮ್ಮೆ ಮಾತ್ರ ಬರುವ ಈ ಪದ ಕನ್ನಡ ಅನುವಾದದಲ್ಲಿ ‘ಹರ್ಮಗೆದೋನ್’ ಎಂದಾಗಿದೆ. ‘ಮೆಗಿದ್ದೋ ಬೆಟ್ಟ’ ಎಂಬ ಹೀಬ್ರೂ ಮಾತಿನಿಂದ ಅದು ಬಂತು ಎಂಬುದು ಸಾಮಾನ್ಯ ವಿವರಣೆ. ಆ ಮೆಗಿದ್ದೋ ಇರುವುದು ಹೈಫಾದಿಂದ ಸುಮಾರು 30 ಕಿ.ಮೀ. ದೂರದ ಇಜ್ರೇಲ್ ಕಣಿವೆಯ ಅಂಚಿನಲ್ಲಿ.

ಯುದ್ಧಗಳೆಲ್ಲ ಇಲ್ಲೇ ಏಕೆ?: ಉತ್ತರಕ್ಕೆ ಗಲಿಲಾಯದ ಗುಡ್ಡಗಳು, ದಕ್ಷಿಣಕ್ಕೆ ಸಮಾರ್ಯದ ಗುಡ್ಡಗಳು, ಪಶ್ಚಿಮಕ್ಕೆ ಕರ್ಮೆಲ್ ಬೆಟ್ಟ. ನಡುವೆ ತ್ರಿಕೋನಾಕಾರದ ಸಮತಟ್ಟು ಭೂಮಿ. ಈಜಿಪ್ಟಿನಿಂದ ಡಮಾಸ್ಕಸ್ ಕಡೆಗೆ ಹೋಗುವ ಪ್ರಾಚೀನ ಹೆದ್ದಾರಿ ಕಿರಿದಾದ ಕಣಿವೆದಾರಿಯೊಂದನ್ನು ದಾಟಿ ಮೆಗಿದ್ದೋ ಬಳಿ ಇಲ್ಲಿಗೆ ಇಳಿಯುತ್ತಿತ್ತು. ಮೆಗಿದ್ದೋ ಯಾರ ಕೈಯಲ್ಲಿದೆಯೋ ದಾರಿಯೂ ಅವರದ್ದೇ. ಕ್ರಿ.ಪೂ. 15ನೇ ಶತಮಾನದಲ್ಲಿ ಈಜಿಪ್ಟಿನ ಮೂರನೇ ಥಟ್ಮೋಸ್ ಸೇನಾನಿಗಳ ಮಾತು ಮೀರಿ ಅದೇ ಇಕ್ಕಟ್ಟಿನ ದಾರಿಯಲ್ಲಿ ನುಗ್ಗಿ ಗೆದ್ದ. ಕಾರ್ನಾಕ್ ದೇಗುಲದ ಗೋಡೆಯ ಮೇಲೆ ಅದರ ವಿವರವಿದೆ. ಯೆಹೂದದ ಅರಸ ಯೋಷೀಯ ಕ್ರಿ.ಪೂ. 609ರಲ್ಲಿ ಸತ್ತಿದ್ದೂ ಮೆಗಿದ್ದೋದಲ್ಲೇ.

ಇನ್ನೊಂದು ಅಂಶ ನೀರು. ಕಣಿವೆಯ ಕೀಷೋನ್ ಹಳ್ಳ ಬೇಸಿಗೆಯಲ್ಲಿ ಸಣ್ಣದಾದರೂ ಮಳೆ ಬಂದರೆ ಸುತ್ತಲೂ ಕೆಸರು. ಸೀಸೆರನ 900 ಕಬ್ಬಿಣದ ರಥಗಳಿದ್ದ ಸೈನ್ಯ ಈ ಹಳ್ಳದ ಬಳಿ ಸೋತಿತು ಎನ್ನುತ್ತದೆ ನ್ಯಾಯಸ್ಥಾಪಕರು ಪುಸ್ತಕ.

1799ರ ಏಪ್ರಿಲ್‌ನಲ್ಲಿ ನೆಪೋಲಿಯನ್ ಪಡೆ ಇದೇ ಕಣಿವೆಯ ತಾಬೋರ್ ಬೆಟ್ಟದ ಬಳಿ ಒಟ್ಟೋಮನ್ನರನ್ನು ಸೋಲಿಸಿತು. ಅದೇ ವರ್ಷ ಜನವರಿಯಲ್ಲಿ ಆತ ಟಿಪ್ಪು ಸುಲ್ತಾನನಿಗೆ ಪತ್ರ ಬರೆದಿದ್ದ. ಅದು ಬ್ರಿಟಿಷರ ಕೈ ಸೇರಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಮೈಸೂರು ಬಂದಿದ್ದು ಹೀಗೆ: 1918ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಜನರಲ್ ಅಲೆನ್ಬಿಯ ಅಶ್ವದಳಗಳು ಥಟ್ಮೋಸ್‌ನ ಹಳೇ ದಾರಿಯಲ್ಲೂ ಸಾಗಿ ಕಣಿವೆಗೆ ಇಳಿದವು. ಈ ಸೇನೆಯ ಒಂದು ಬ್ರಿಗೇಡ್‌ನಲ್ಲಿ ಮೈಸೂರು, ಜೋಧ್‌ಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಲ್ಯಾನ್ಸರ್ಸ್ ಇದ್ದರು. ಸೆ. 23ರಂದು ಹೈಫಾ ಮೇಲೆ ನುಗ್ಗಿದ್ದು ಮೊದಲ ಎರಡು ಪಡೆಗಳು. ಮೈಸೂರು ಸವಾರರು ಕರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳನ್ನು ಹಿಡಿದರೆ, ಜೋಧ್‌ಪುರದವರು ಕೆಳಗಿನಿಂದ ದಾಳಿ ನಡೆಸಿದರು. ಅವರ ಮುಂಚೂಣಿ ಕುದುರೆಗಳು ಕೀಷೋನ್ ದಡದ ಹೂಳಿನಲ್ಲಿ ಹೂತುಹೋದವು. ಸೀಸೆರನಿಗೆ ಕೈಕೊಟ್ಟ ಅದೇ ಹಳ್ಳ! ಸಂಜೆಯೊಳಗೆ ನಗರ ವಶವಾಯಿತು, 1,300ಕ್ಕೂ ಹೆಚ್ಚು ಸೈನಿಕರು ಸೆರೆಸಿಕ್ಕರು.

ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳವು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಪಕ್ಕದಲ್ಲೇ ಓಡಾಡುವ ಎಷ್ಟೋ ಮಂದಿಗೆ ಅದೇನೆಂದು ಗೊತ್ತಿಲ್ಲ.

ಯಾರು, ಯಾರಿಗಾಗಿ?: 2017ರಲ್ಲಿ ಪ್ರಧಾನಿ ಮೋದಿ ಹೈಫಾದ ಭಾರತೀಯ ಸಮಾಧಿ ಸ್ಥಳಕ್ಕೆ ಭೇಟಿ ನೀಡಿದರು. ಮರುವರ್ಷ ತೀನ್ ಮೂರ್ತಿ ಚೌಕದ ಹೆಸರಿಗೆ ‘ಹೈಫಾ’ ಸೇರಿತು. ನಗರವನ್ನು ಮುಕ್ತಗೊಳಿಸಿದ್ದು ಬ್ರಿಟಿಷರಲ್ಲ, ಭಾರತೀಯರು ಎಂದು ಶಾಲಾ ಪಠ್ಯ ತಿದ್ದಲಾಗುತ್ತಿದೆ ಎಂದು 2025ರ ಸೆಪ್ಟೆಂಬರ್‌ನಲ್ಲಿ ಹೈಫಾ ಮೇಯರ್ ಯೋನಾ ಯಹಾವ್ ಹೇಳಿದರು. ಸವಾರರ ಶೌರ್ಯ ದಾಖಲಾಗಬೇಕಾದದ್ದೇ. ಆದರೆ ‘ಮುಕ್ತ’ ಎಂಬ ಪದ ಎಲ್ಲವನ್ನೂ ಹೇಳುವುದಿಲ್ಲ. ಅವರು ಹೋರಾಡಿದ್ದು ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ. ಪ್ಯಾಲೆಸ್ಟೈನ್‌ನಲ್ಲಿ ಯಹೂದಿಗಳಿಗೆ ನೆಲೆ ಒದಗಿಸುವ ಬಾಲ್ಫೋರ್ ಘೋಷಣೆ ಅದಕ್ಕೆ ಹತ್ತು ತಿಂಗಳು ಮೊದಲೇ ಹೊರಬಿದ್ದಿತ್ತು.

ನಂತರ ನಡೆದದ್ದು ಜಮೀನಿನ ವ್ಯವಹಾರ. ಬೈರುತ್‌ನ ಸುರ್ಸೋಕ್ ಕುಟುಂಬ ಕಣಿವೆಯಲ್ಲಿದ್ದ ತನ್ನ ಜಮೀನನ್ನು ಯಹೂದಿ ಸಂಸ್ಥೆಗಳಿಗೆ ಮಾರಿತು. 1921ರಲ್ಲಿ ನಹಲಾಲ್ ಎಂಬ ಸಹಕಾರಿ ಗ್ರಾಮ ಎದ್ದಿತು, ಮಲೇರಿಯಾದ ಜೌಗು ಬಸಿದು ಹೊಲವಾಯಿತು. ಅಲ್ಲಿ ಉಳುತ್ತಿದ್ದ ಅರಬ್ ಗೇಣಿದಾರರು ಜಾಗ ಖಾಲಿ ಮಾಡಬೇಕಾಯಿತು. ದ್ರಾಕ್ಷಿತೋಟಕ್ಕಾಗಿ ನಾಬೋತ ಎಂಬ ರೈತನನ್ನು ಅರಮನೆಯವರು ಕೊಲ್ಲಿಸಿದ ಬೈಬಲ್ ಪ್ರಸಂಗವೂ ಇಜ್ರೇಲಿನದ್ದೇ.

ಇಂದು ಮೆಗಿದ್ದೋ ದಿಬ್ಬ ಯುನೆಸ್ಕೋ ಪಟ್ಟಿಯಲ್ಲಿದೆ. ಹೊಲಗಳ ನಡುವೆ ರಮತ್ ಡೇವಿಡ್ ವಾಯುನೆಲೆ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಹಿಜ್ಬುಲ್ಲಾ ಗುರಿ ಇಟ್ಟಿದ್ದು ಅದಕ್ಕೇ. ಕೀಷೋನ್ ಈಗ ಹೈಫಾದ ಕೈಗಾರಿಕಾ ಪ್ರದೇಶವನ್ನು ಹಾದು ಸಮುದ್ರ ಸೇರುತ್ತದೆ. ಇರಾನ್ ಕ್ಷಿಪಣಿ ಬಿದ್ದ ಸಂಸ್ಕರಣಾಗಾರ ಇರುವುದೂ ಅಲ್ಲೇ.