ಓದುಗಳಾಗಿ ಅತ್ತಿಮಬ್ಬೆ

ಓದಿದ ಪುಸ್ತಕಗಳ ಪಟ್ಟಿಯನ್ನು ವರ್ಷಾಂತ್ಯಕ್ಕೆ ಪ್ರಕಟಿಸುವುದು ಇಂದಿನ ಓದುಗರ ರೂಢಿ. ಐವತ್ತು, ನೂರು ಎಂಬ ಸಂಖ್ಯೆಯೇ ಅಲ್ಲಿ ಹಿರಿಮೆ. ಓದಿದ ಕೃತಿಗಾಗಿ ಓದುಗ ಏನು ಮಾಡಿದನೆಂಬ ಪ್ರಶ್ನೆಯೇ ಏಳುವುದಿಲ್ಲ. ಹತ್ತನೆಯ ಶತಮಾನದ ಅತ್ತಿಮಬ್ಬೆಯನ್ನು ‘ದಾನಚಿಂತಾಮಣಿ’ ಎಂದು ಹೊಗಳಿ ನಾಡು ಸುಮ್ಮನಾಗುತ್ತದೆ. ಆದರೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದು ಮೊದಲು ಓದುಗಳ ತೀರ್ಮಾನ, ದಾನಿಯ ಔದಾರ್ಯ ಆಮೇಲಿನದು. ಕಾವ್ಯದ ಬೆಲೆ ಅರಿಯದವರಿಗೆ ಅದು ಅಳಿದೀತೆಂಬ ಆತಂಕವಾದರೂ ಎಲ್ಲಿಂದ ಬರಬೇಕು? ಅಚ್ಚಿನ ಸೌಕರ್ಯವಿಲ್ಲದ ಕಾಲವದು. ಪ್ರತಿಯೊಂದು ಓಲೆಯನ್ನೂ ಕಂಠದಿಂದ ಕೊರೆಯಬೇಕಿತ್ತು. ತಂದೆ ಮಲ್ಲಪಯ್ಯ, ಚಿಕ್ಕಪ್ಪ ಪುನ್ನಮಯ್ಯ ಇವರೇ ಬರೆಯಿಸಿದ ಕಾವ್ಯವಾದ್ದರಿಂದ ತವರಿನ ಅಭಿಮಾನವೂ ಸೇರಿದ್ದೀತು, ಇರಲಿ. ಹಳೆಯದಕ್ಕೇ ಅಂಟಿಕೊಂಡವಳೇನೂ ಅಲ್ಲ ಆಕೆ. ಸಮಕಾಲೀನ ಕವಿ ರನ್ನ 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದ್ದು ಅವಳ ಆಶ್ರಯದಲ್ಲಿಯೇ.