ನೋವೇ ಇಲ್ಲವಂತೆ ಸ್ವಾಮೀ, ನೋವೇ ಇಲ್ಲವಂತೆ!

ಹೇರ್ ಟ್ರಾನ್ಸ್‌ಪ್ಲಾಂಟ್ ಜಾಹೀರಾತುಗಳನ್ನೆಲ್ಲ ಒಟ್ಟು ಹಾಕಿ ಹಿಂಡಿದರೆ ಸಿಗುವ ರಸ ಇಷ್ಟೇ: ನೋವಿಲ್ಲ, ಗಾಯವಿಲ್ಲ, ಕಲೆಯಿಲ್ಲ, ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗಿ. ಬಸ್ಸಿನ ಬೆನ್ನ ಮೇಲೆ ಇದೇ, ಮೊಬೈಲಿನಲ್ಲಿ ಇದೇ, ಪೇಪರಿನ ಮುಖಪುಟದಲ್ಲೂ ಇದೇ. ಓದಿದಾಗೆಲ್ಲ ನನಗೆ ನೆತ್ತಿ ಉರಿಯುತ್ತದೆ. ಅಲಂಕಾರಕ್ಕೆ ಹೇಳುತ್ತಿಲ್ಲ ಮಾರಾಯ್ರೆ, ನಿಜಕ್ಕೂ ಉರಿದ ನೆತ್ತಿ ಇದು!

ಮೊದಲೇ ಹೇಳಿಬಿಡುತ್ತೇನೆ, ನಾನು ಕೂದಲು ಕಸಿಯ ವಿರೋಧಿ ಅಲ್ಲ. ಮಾಡಿಸಿಕೊಂಡಿದ್ದೇನೆ, ಕೂದಲು ಬಂದಿದೆ, ಕನ್ನಡಿ ನೋಡಲು ಖುಷಿಯಿದೆ. ಮತ್ತೆ ಮಾಡಿಸಬೇಕಾಗಿ ಬಂದರೆ ಮಾಡಿಸಿಯೇನು. ಬೊಕ್ಕತಲೆಯವರು ಹಾಗೇ ಇರಬೇಕು, ಇದೆಲ್ಲ ಶೋಕಿ ಅಂತ ಉಪದೇಶ ಮಾಡುವವರ ಪೈಕಿ ನಾನಲ್ಲ. ನನ್ನ ಜಗಳ ಒಂದೇ ಒಂದು ಪದದ ಮೇಲೆ. ‘ನೋವಿಲ್ಲದ’ ಅನ್ನುವ ಪದದ ಮೇಲೆ.

ಒಂದು ಸಣ್ಣ ಲೆಕ್ಕ ಹಾಕೋಣ. ಈಗ ಹೆಚ್ಚಾಗಿ ಮಾಡುವುದು ಎಫ್‌ಯುಇ. ಹಿಂದಲೆಯಿಂದ ಕೂದಲಿನ ಬುಡಗಳನ್ನು ಒಂದೊಂದಾಗಿ ಕೊರೆದು ತೆಗೆಯುವುದು, ಮುಂದೆ ಒಂದೊಂದಾಗಿ ನೆಡುವುದು. ಕೊರೆಯುವ ಕೊಳವೆಯ ಅಗಲ ಹೆಚ್ಚುಕಡಿಮೆ ಒಂದು ಮಿಲಿಮೀಟರ್. 2,500 ಗ್ರಾಫ್ಟ್ ಅಂದರೆ ಹಿಂದೆ 2,500 ತೂತು, ಮುಂದೆ ನೆಡಲು ಇನ್ನೊಂದು 2,500 ತೂತು. ಒಟ್ಟು 5,000. ಒಂದೇ ದಿನದಲ್ಲಿ, ಒಂದೇ ತಲೆಯ ಮೇಲೆ. 5,000 ಗಾಯ ಮಾಡಿ ‘ಗಾಯವಿಲ್ಲ’ ಅನ್ನಲು ಎಷ್ಟು ಧೈರ್ಯ ಬೇಕು ಹೇಳಿ! ಹೊಲಿಗೆ ಇಲ್ಲ ಅನ್ನಿ, ಒಪ್ಪುತ್ತೇನೆ. ಗಾಯ ಚಿಕ್ಕದು ಅನ್ನಿ, ಅದನ್ನೂ ಒಪ್ಪುತ್ತೇನೆ. ಇಲ್ಲವೇ ಇಲ್ಲ ಅಂದರೆ ಹೇಗೆ ಸ್ವಾಮೀ? ಇನ್ನು ಎಫ್‌ಯುಟಿ ಅಂತ ಇನ್ನೊಂದಿದೆ. ಅದರಲ್ಲಿ ಹಿಂದಲೆಯ ಚರ್ಮವನ್ನೇ ಪಟ್ಟಿಯಾಗಿ ಕತ್ತರಿಸಿ ಹೊಲಿಯುತ್ತಾರೆ. ಕೆಲವು ದಿನ ತಲೆಗೆ ಬಿಗಿಯಾದ ಟೋಪಿ ಹಾಕಿದಂತೆ ಚರ್ಮ ಎಳೆಯುತ್ತಿರುತ್ತದೆ.

ಹೌದು, ಹಿಂದಿನ ಕಾಲಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ. 1950ರ ದಶಕದಲ್ಲಿ ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ ಇದನ್ನು ಶುರು ಮಾಡಿದಾಗ ಕೊರೆಯುವ ಕೊಳವೆ ನಾಲ್ಕು ಮಿಲಿಮೀಟರಿನದಾಗಿತ್ತು. ಆದರೆ ಕಡಿಮೆಯಾಗಿದೆ ಅನ್ನುವುದಕ್ಕೂ ಇಲ್ಲ ಅನ್ನುವುದಕ್ಕೂ ಅಜಗಜಾಂತರ ಇದೆಯಲ್ಲವೇ?

ಹಾಗಾದರೆ ಎಲ್ಲಿ ನೋಯುತ್ತದೆ? ಯಾರೂ ಹೇಳುವುದಿಲ್ಲ, ನಾನೇ ಹೇಳುತ್ತೇನೆ.

ನಿಜವಾದ ನೋವು ಕೊರೆಯುವಾಗ ಅಲ್ಲ, ಮರಗಟ್ಟಿಸುವಾಗ. ತಮಾಷೆ ನೋಡಿ, ನೋವು ಗೊತ್ತಾಗದಿರಲಿ ಅಂತ ಕೊಡುವ ಇಂಜೆಕ್ಷನ್ನೇ ಎಲ್ಲಕ್ಕಿಂತ ನೋಯುವುದು. ಹಿಂದಲೆಗೆ ಸಾಲಾಗಿ ಚುಚ್ಚುತ್ತಾರೆ. ನೆತ್ತಿಯ ಚರ್ಮದ ಕೆಳಗೇ ಮೂಳೆ, ಮದ್ದು ಹರಡಲು ಜಾಗವಿಲ್ಲ. ಮೆಣಸಿನಪುಡಿ ಕಲಸಿದ ನೀರು ಒಳಗೆ ಹರಿದಂತೆ ಉರಿ. ಕಣ್ಣಲ್ಲಿ ತಾನಾಗಿ ನೀರು ಬರುತ್ತದೆ, ಅಳುತ್ತಿಲ್ಲ ಅಂತ ನಾವೇ ಸಮಾಧಾನ ಹೇಳಿಕೊಳ್ಳಬೇಕು. ಕೆಲವು ನಿಮಿಷ, ಅಷ್ಟೇ. ಆಮೇಲೆ ಹಿಂದಲೆ ನಮ್ಮದಲ್ಲ ಅನ್ನಿಸುತ್ತದೆ. ಮುಗಿಯಿತಪ್ಪಾ ಅಂದುಕೊಂಡರೆ, ಮಧ್ಯಾಹ್ನ ನೆಡುವ ಹೊತ್ತಿಗೆ ಹಣೆಗೆ ಮತ್ತೆ ಅದೇ ಪೂಜೆ. ಹುಬ್ಬಿನ ಹತ್ತಿರ ಚುಚ್ಚುವಾಗ ನನಗೆ ಊಟ ಮಾಡಿದ್ದೆಲ್ಲ ನೆನಪಾಯಿತು. ನಡುವೆ ಮದ್ದಿನ ಪರಿಣಾಮ ಇಳಿದರೆ ಮತ್ತೊಂದಿಷ್ಟು.

ಕೊರೆಯುವಾಗ ನೋವಿಲ್ಲ, ನಿಜ. ಆದರೆ ಎಳೆಯುವುದು, ಒತ್ತುವುದು ಗೊತ್ತಾಗುತ್ತದೆ. ಬುರುಡೆಯೊಳಗೆ ಕರಕರ ಸದ್ದು ಕೇಳುತ್ತದೆ. ಗಂಟೆಗಟ್ಟಲೆ ಮುಖ ಕೆಳಗೆ ಮಾಡಿ ಮಲಗಬೇಕು, ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಮೊದಲ ರಾತ್ರಿ ಇನ್ನೊಂದು ಅಧ್ಯಾಯ. ಹಿಂದಲೆ ದಿಂಬಿಗೆ ತಾಗಿದರೆ ಉರಿ, ಮುಂದಲೆ ಯಾವುದಕ್ಕೂ ತಾಗಬಾರದು. ಅರ್ಧ ಕೂತು ಅರ್ಧ ಮಲಗಿ ಬೆಳಗು ಮಾಡಬೇಕು. ಮೂರನೇ, ನಾಲ್ಕನೇ ದಿನಕ್ಕೆ ತಲೆಗೆ ತುಂಬಿದ ದ್ರವವೆಲ್ಲ ಹಣೆಗಿಳಿದು, ಹಣೆಯಿಂದ ಕಣ್ಣಿಗಿಳಿದು ಮುಖ ಬನ್ನಿನಂತೆ ಊದುತ್ತದೆ. ಹುರುಪೆ ಉದುರುವ ತನಕ ತುರಿಕೆ, ಕೆರೆಯುವಂತಿಲ್ಲ. ಆಮೇಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ನೆತ್ತಿ ಜೋಮು. ಬಾಚಿದರೆ ಬೇರೆ ಯಾರದೋ ತಲೆ ಬಾಚಿದಂತೆ.

ಇದರಲ್ಲಿ ಯಾವುದೂ ತಡೆಯಲಾರದ ನೋವಲ್ಲ. ಸಾಮಾನ್ಯ ಮಾತ್ರೆಗೆ ಬಗ್ಗುವಂಥದ್ದು, ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಇಳಿಯುವಂಥದ್ದು. ಹಾಗಿದ್ದ ಮೇಲೆ ಇಷ್ಟೇಕೆ ಕೂಗಾಡುತ್ತೀಯ ಅಂತೀರಾ? ಕಾರಣ ಇದೆ, ಕೇಳಿ.

ನೋವಿಲ್ಲ ಅಂದವರು ನೋವಿಗೆ ಮದ್ದು ಮಾಡುವುದಿಲ್ಲ! ಆ ಇಂಜೆಕ್ಷನ್ ಉರಿಯಲು ಒಂದು ಕಾರಣ, ಅಡ್ರಿನಲಿನ್ ಬೆರೆತ ಲಿಗ್ನೊಕೇನ್ ದ್ರಾವಣ ಆಮ್ಲೀಯವಾಗಿರುವುದು. ಅದಕ್ಕೆ ಸ್ವಲ್ಪ ಸೋಡಿಯಂ ಬೈಕಾರ್ಬೊನೇಟ್ ಬೆರೆಸಿದರೆ ಉರಿ ಇಳಿಯುತ್ತದೆ. ಮೈಬಿಸಿಗೆ ಬೆಚ್ಚಗೆ ಮಾಡಿ ಕೊಟ್ಟರೆ ಇಳಿಯುತ್ತದೆ. ತೆಳ್ಳನೆ ಸೂಜಿಯಲ್ಲಿ ನಿಧಾನಕ್ಕೆ ಕೊಟ್ಟರೆ ಇಳಿಯುತ್ತದೆ. ಚುಚ್ಚುವ ಪಕ್ಕದಲ್ಲಿ ಕಂಪಿಸುವ ಸಾಧನ ಹಿಡಿದರೂ ಇಳಿಯುತ್ತದೆ. ಇದೇನು ರಾಕೆಟ್ ವಿಜ್ಞಾನವಲ್ಲ, ಚರ್ಮವೈದ್ಯರಿಗೆಲ್ಲ ಗೊತ್ತಿರುವುದೇ. ಆದರೆ ಇದಕ್ಕೆಲ್ಲ ಸಮಯ ಬೇಕು, ತಾಳ್ಮೆ ಬೇಕು. ಎಲ್ಲಕ್ಕಿಂತ ಮೊದಲು ‘ಇಲ್ಲಿ ನೋಯುತ್ತದೆ’ ಅಂತ ಒಪ್ಪಿಕೊಳ್ಳಬೇಕು. ನಾನು ಹೋದ ಕಡೆ ‘ಸ್ವಲ್ಪ ಮೆಲ್ಲಗೆ’ ಅಂದಾಗ ಬಂದ ಉತ್ತರ, ‘ಸಾರ್, ಇದು ಪೇನ್‌ಲೆಸ್ ಅಲ್ವಾ?’ ಅಂತ. ಅಂದರೆ ಜಾಹೀರಾತು ಸರಿ, ನನ್ನ ನೆತ್ತಿಯೇ ತಪ್ಪು!

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ನೋವು ದೇಹದ ಕಾವಲುಗಾರ. ನೋವೇ ಇಲ್ಲ ಅಂತ ನಂಬಿ ಹೋದವನಿಗೆ ಯಾವುದು ಸಹಜ, ಯಾವುದು ಅಸಹಜ ಅಂತ ಹೇಗೆ ಗೊತ್ತಾಗಬೇಕು? ನಾಲ್ಕನೇ ದಿನದ ಊತ ಸಹಜ. ಆದರೆ ದಿನದಿಂದ ದಿನಕ್ಕೆ ಏರುವ ನೋವು, ಜ್ವರ, ಕೀವು, ಕಪ್ಪಾಗುವ ಚರ್ಮ ಸಹಜವಲ್ಲ. ಮದ್ದು ಕೊಟ್ಟ ಹೊತ್ತಿನಲ್ಲಿ ಬಾಯಿಯ ಸುತ್ತ ಜುಮ್ಮೆಂದು, ಕಿವಿಯಲ್ಲಿ ಗುಂಯ್ ಅಂದರೆ ಅದು ಲಿಗ್ನೊಕೇನ್ ಮಿತಿ ಮೀರಿದ ಸೂಚನೆ ಇರಬಹುದು, ತಕ್ಷಣ ಬಾಯಿಬಿಟ್ಟು ಹೇಳಬೇಕು. ಇದನ್ನೆಲ್ಲ ಮೊದಲೇ ಹೇಳಲು ಹೊರಟರೆ ‘ನೋವಿಲ್ಲ’ ಅನ್ನುವ ಬೋರ್ಡ್ ಇಳಿಸಬೇಕಾಗುತ್ತದೆ. ಹಾಗಾಗಿ ಹೇಳುವುದಿಲ್ಲ.

ಉತ್ಪ್ರೇಕ್ಷೆ ಅನ್ನಬೇಡಿ. 2016ರಲ್ಲಿ ಚೆನ್ನೈನಲ್ಲಿ ಕೂದಲು ಕಸಿ ಮಾಡಿಸಿಕೊಂಡ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತೀರಿಕೊಂಡ. 2019ರಲ್ಲಿ ಮುಂಬೈನಲ್ಲಿ ಒಬ್ಬ ಉದ್ಯಮಿ. 2021ರಲ್ಲಿ ದೆಹಲಿಯಲ್ಲಿ 30 ವರ್ಷದ ಯುವಕ. 2025ರಲ್ಲಿ ಕಾನ್ಪುರದಲ್ಲಿ ಒಬ್ಬ ಇಂಜಿನಿಯರ್, ಮುಖ ಊದಿ, ನೋವು ಏರಿ. ಲಕ್ಷಾಂತರ ಜನ ಮಾಡಿಸಿಕೊಂಡು ಚೆನ್ನಾಗಿದ್ದಾರೆ, ಸಾವು ತೀರಾ ಅಪರೂಪ, ಒಪ್ಪಿದೆ. ಆದರೆ ಸಾಯುವ ಸಾಧ್ಯತೆ ಕೂದಲೆಳೆಯಷ್ಟಾದರೂ ಇರುವ ಕೆಲಸವನ್ನು ಹೇರ್‌ಕಟ್ ಮಾರಿದಂತೆ ಮಾರಬಹುದೇ? ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿ, ತರಬೇತಿ ಪಡೆದ ವೈದ್ಯರೇ ಇದನ್ನು ಮಾಡಬೇಕು, ಯೂಟ್ಯೂಬ್ ನೋಡಿ ಕಲಿತರೆ ಸಾಲದು ಅಂತ ಬರೆಯಬೇಕಾಯಿತು. ಯೋಚನೆ ಮಾಡಿ, ಯೂಟ್ಯೂಬ್ ಅಂತ ಹೆಸರು ಹಿಡಿದು ಬರೆಯಬೇಕಾದರೆ ಪರಿಸ್ಥಿತಿ ಯಾವ ಮಟ್ಟದಲ್ಲಿದ್ದಿರಬೇಕು!

ಕಾನೂನು ಇಲ್ಲವೇ? ಇದೆ. ವೈದ್ಯರು ಜಾಹೀರಾತು ಕೊಟ್ಟು ರೋಗಿಗಳನ್ನು ಸೆಳೆಯಬಾರದು ಅಂತ 2002ರ ವೈದ್ಯಕೀಯ ನೀತಿಸಂಹಿತೆಯಲ್ಲೇ ಇದೆ. ಜಾಣರು, ಜಾಹೀರಾತನ್ನು ವೈದ್ಯರು ಕೊಡುವುದಿಲ್ಲ, ಕಂಪನಿ ಕೊಡುತ್ತದೆ. ರೋಗಿಗೆ ಚಿಕಿತ್ಸೆಯ ಸ್ವರೂಪ, ಅಪಾಯ ಎಲ್ಲ ಸಾಕಷ್ಟು ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆ ಅಂತ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ‘ನೋವಿಲ್ಲ’ ಅಂತ ನಂಬಿಸಿ ಪಡೆದ ಸಹಿ ಯಾವ ಸೀಮೆಯ ಒಪ್ಪಿಗೆ?

‘ಹೆದರಿಸಿದರೆ ಯಾರು ಬರುತ್ತಾರೆ?’ ಅಂತ ಕೇಳುವವರಿದ್ದಾರೆ. ಯಾಕೆ ಬರುವುದಿಲ್ಲ? ಹಲ್ಲು ಕೀಳುವವರು ನೋಯುತ್ತದೆ ಅಂತಲೇ ಹೇಳುತ್ತಾರೆ, ಜನ ಹೋಗುತ್ತಾರೆ. ಹೆರಿಗೆ ನೋಯುವುದಿಲ್ಲ ಅಂತ ಯಾರೂ ಹೇಳಿಲ್ಲ, ಮಕ್ಕಳು ಹುಟ್ಟುವುದು ನಿಂತಿಲ್ಲ. ನೋವಿಗೆ ಮನುಷ್ಯ ಅಷ್ಟು ಹೆದರುವುದಿಲ್ಲ, ಮೋಸಕ್ಕೆ ಹೆದರುತ್ತಾನೆ.

ಇದರಲ್ಲಿ ನಮ್ಮ ಗಂಡಸರ ಪಾಲೂ ಇದೆ ಬಿಡಿ. ಬೊಕ್ಕತಲೆ ಈ ನಾಡಿನಲ್ಲಿ ಪುಕ್ಕಟೆ ಜೋಕು. ‘ಒಂದು ಮೊಟ್ಟೆಯ ಕಥೆ’ 2017ರಲ್ಲಿ ಬಂದಾಗ ನಕ್ಕವರೆಷ್ಟೋ, ಒಳಗೊಳಗೇ ಚುಚ್ಚಿಸಿಕೊಂಡವರೆಷ್ಟೋ. ಕೂದಲು ಹೋದದ್ದಕ್ಕೆ ಒಂದು ನಗೆ, ಹಾಕಿಸಿಕೊಂಡದ್ದಕ್ಕೆ ಇನ್ನೊಂದು ನಗೆ. ಇನ್ನು ‘ನೋವಾಯ್ತು’ ಅಂದರೆ ಮೂರನೆಯದ್ದು. ಹಾಗಾಗಿ ಮಾಡಿಸಿಕೊಂಡವರು ಬಾಯಿ ಬಿಡುವುದಿಲ್ಲ. ‘ಏನೂ ಗೊತ್ತೇ ಆಗಲ್ಲ ಮಗಾ’ ಅಂತ ಗೆಳೆಯನಿಗೆ ಹೇಳಿ ಅವನನ್ನೂ ಕಳಿಸುತ್ತಾರೆ. ಕ್ಲಿನಿಕ್ಕಿನವರಿಗೆ ಇದಕ್ಕಿಂತ ಅಗ್ಗದ ಜಾಹೀರಾತು ಬೇಕೆ?

ಮಾಡಿಸಿಕೊಳ್ಳುವ ಯೋಚನೆ ಇರುವವರಿಗೆ ನನ್ನದು ಇಷ್ಟೇ ಕೋರಿಕೆ. ದುಡ್ಡು ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಎಲ್ಲೆಲ್ಲಿ ನೋಯುತ್ತದೆ, ಎಷ್ಟು ದಿನ? ಇಂಜೆಕ್ಷನ್ನಿನ ಉರಿ ಕಡಿಮೆ ಮಾಡಲು ಏನು ಮಾಡುತ್ತೀರಿ? ಚುಚ್ಚುವವರು, ಕೊರೆಯುವವರು ಯಾರು, ಏನು ಓದಿದ್ದಾರೆ? ರಾತ್ರಿ ಎರಡು ಗಂಟೆಗೆ ನೋವು ಹೆಚ್ಚಾದರೆ ಫೋನ್ ಎತ್ತುವ ವೈದ್ಯರು ಯಾರು? ಮೊದಲ ಪ್ರಶ್ನೆಗೇ ‘ನೋವೇ ಇಲ್ಲ ಸಾರ್’ ಅಂದರೆ ಉಳಿದ ಮೂರನ್ನು ಕೇಳುವ ಅಗತ್ಯ ಇಲ್ಲ. ಚಪ್ಪಲಿ ಹಾಕಿಕೊಂಡು ಹೊರಡಿ.

ಕೊ.ಕೊ.: ‘ನೋಯುತ್ತದೆ, ನಾವು ನೋಡಿಕೊಳ್ಳುತ್ತೇವೆ’ ಅಂತ ಬೋರ್ಡ್ ಹಾಕುವ ಕ್ಲಿನಿಕ್ ಎಲ್ಲಾದರೂ ಕಂಡರೆ ತಿಳಿಸಿ. ಸೋದರಮಾವನ ಮಗನೊಬ್ಬ ಕಾಯುತ್ತಿದ್ದಾನೆ.